ಸವತಿಯನ್ನು ಏನಂತ ಕರೆಯೋದು?

ಧಾರವಾಡದ ಕಡೆಯ ಸಂತೆಯಲ್ಲಿ ಸವತೆಕಾಯಿಗೆ ಸವತಿಕಾಯಿ ಅನ್ನುತ್ತಾರೆ. ‘ಎಳೇ ಸವತಿಕಾಯಿ ಅದಾವ ಬರ್ರಿ’ ಎಂದು ಮಾರುವವಳು ಕೂಗಿದರೆ ಕೊಳ್ಳುವವಳಿಗೆ ಏನೂ ಅನ್ನಿಸುವುದಿಲ್ಲ. ಈ ಸವತಿಗೂ ಆ ಸವತಿಗೂ ನಂಟಿಲ್ಲ ಎಂದು ಕಿವಿಗೇ ಗೊತ್ತು. ಅದೇ ಹೆಂಗಸು ಮನೆಗೆ ಬಂದಾಗ ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿದ್ದರೆ ‘ನನ್ನ ಸವತಿ, ಎಲ್ಲಾ ಕುಡದು ಹೋತು ನೋಡು’ ಅನ್ನುತ್ತಾಳೆ. ಕಣ್ಣಿ ಹರಿದುಕೊಂಡ ಎಮ್ಮೆ ಸವತಿ, ಕೂಗಿದರೆ ಓ ಅನ್ನದ ಮಗಳೂ ಸವತಿ. ಬೈಗುಳಕ್ಕೆ ಅರ್ಧ ಸಿಟ್ಟು, ಅರ್ಧ ಸಲಿಗೆ. ಪೇಟೆಯ ಪತ್ರಿಕೆಗಳಿಗೆ ಬಂದರೆ ಪಕ್ಷವೊಂದರ ಎರಡು ಬಣಗಳ ನಡುವೆ ‘ಸವತಿ ಮತ್ಸರ’ ಭುಗಿಲೇಳುತ್ತದೆ. ಅಲ್ಲಿರುವವರೆಲ್ಲ ಗಂಡಸರೇ ಆದರೂ. ಇಷ್ಟೊಂದು ಕಡೆ ತಿರುಗುವ ಈ ಪದ ಒಂದೇ ಒಂದು ಕಡೆ ಮಾತ್ರ ಬಾಯಿ ಬಿಡುವುದಿಲ್ಲ. ಸವತಿ ಎದುರಿಗೆ ನಿಂತಾಗ ಆಕೆಯನ್ನು ಯಾರೂ ‘ಸವತೀ’ ಎಂದು ಕರೆಯುವುದಿಲ್ಲ.

ನಂಟಿನ ಪದಗಳಲ್ಲಿ ಎರಡು ಜಾತಿ. ಕೆಲವನ್ನು ಕೂಗಬಹುದು, ಕೆಲವನ್ನು ಹೇಳಬಹುದಷ್ಟೇ. ಅಕ್ಕ, ಅತ್ತೆ, ಭಾವ, ಚಿಕ್ಕಪ್ಪ ಇವೆಲ್ಲ ಕೂಗುವ ಪದಗಳು. ‘ಬನ್ನಿ ಬೀಗರೇ’ ಎಂದು ಬಾಗಿಲಲ್ಲೇ ಬರಮಾಡಿಕೊಳ್ಳಬಹುದು. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ‘ಏನ್ ಷಡ್ಡಕರೇ’ ಎಂದು ತೋಳು ತಟ್ಟಿಕೊಳ್ಳಬಹುದು. ಅಣ್ಣತಮ್ಮಂದಿರ ಹೆಂಡಿರು ಮಾತ್ರ ‘ಬಾ ವಾರಗಿತ್ತಿ’ ಅನ್ನುವುದಿಲ್ಲ. ಅಕ್ಕ ಅನ್ನುತ್ತಾರೆ ಇಲ್ಲವೇ ಹೆಸರು ಹಿಡಿಯುತ್ತಾರೆ. ಬೀಗರು, ಷಡ್ಡಕ, ವಾರಗಿತ್ತಿ, ಸವತಿ ಈ ನಾಲ್ಕೂ ನಡುವೆ ಇನ್ಯಾರೋ ಇರುವುದರಿಂದಲೇ ಹುಟ್ಟಿದ ನಂಟುಗಳು. ಬೀಗರ ನಡುವೆ ಮಗ ಸೊಸೆ, ಷಡ್ಡಕರ ನಡುವೆ ಅಕ್ಕತಂಗಿಯರು, ವಾರಗಿತ್ತಿಯರ ನಡುವೆ ಅಣ್ಣತಮ್ಮಂದಿರು. ಸವತಿಯರ ನಡುವೆ ಇರುವವನು ಒಬ್ಬನೇ ಗಂಡಸು. ಆದರೆ ಆ ಪದವನ್ನು ಎಲ್ಲಿ ಬಳಸಿದರೂ ಕಣ್ಣೆದುರು ಬರುವುದು ಇಬ್ಬರು ಹೆಂಗಸರು. ಗಂಡಸು ಎಲ್ಲೋ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಾನೆ.

ಪದದ ಬೇರು ಸಂಸ್ಕೃತದ ‘ಸಪತ್ನೀ’. ಒಬ್ಬನೇ ಪತಿಯುಳ್ಳವಳು ಎಂದು ಅರ್ಥ. ಪ್ರಾಕೃತದಲ್ಲಿ ‘ಸವತ್ತಿ’ಯಾಗಿ, ಕನ್ನಡ ತೆಲುಗುಗಳಲ್ಲಿ ಸವತಿಯಾಗಿ, ಮರಾಠಿಯಲ್ಲಿ ‘ಸವತ್’, ಹಿಂದಿಯಲ್ಲಿ ‘ಸೌತ್’ ಆಗಿ ಹರಡಿಕೊಂಡಿತು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸವತಿಯನ್ನು ಮೆಟ್ಟಲೆಂದೇ ಒಂದು ಸೂಕ್ತವಿದೆ, 145ನೆಯದು. ನೆಲದಿಂದ ಒಂದು ಗಿಡಮೂಲಿಕೆಯನ್ನು ಅಗೆದು ತೆಗೆದು, ಅದರ ಬಲದಿಂದ ಗಂಡನನ್ನು ತನ್ನ ಕಡೆ ಸೆಳೆದುಕೊಳ್ಳುವ ಹೆಂಗಸಿನ ಮಾತು ಅದು. ಪರಂಪರೆ ಅದನ್ನು ಇಂದ್ರಾಣಿಯ ಹೆಸರಿಗೆ ಹಚ್ಚಿದೆ. ದೇವತೆಗಳ ರಾಜನ ಹೆಂಡತಿಗೂ ಮದ್ದು ಅಗೆಯುವ ಗತಿ ಬಂತು ಅಂದಮೇಲೆ ಉಳಿದವರ ಪಾಡು ಹೇಳಬೇಕಿಲ್ಲ. ಪದದ ಮುಂದಿನ ನಡೆ ಇನ್ನೂ ವಿಚಿತ್ರ. ಸಪತ್ನೀ ಎಂಬ ಸ್ತ್ರೀಲಿಂಗದಿಂದ ‘ಸಪತ್ನ’ ಎಂಬ ಪುಲ್ಲಿಂಗವನ್ನು ಕಟ್ಟಿಕೊಂಡರು. ಅದಕ್ಕೆ ಬಂದ ಅರ್ಥ ‘ಶತ್ರು’. ಗಂಡಸರಿಗೆ ರಾಜ್ಯ, ಹಸು, ಹೊಲ ಎಂದು ಹಗೆಗೆ ನೂರು ಕಾರಣವಿದ್ದವು. ಆ ಹಗೆಗೊಂದು ಹೆಸರು ಬೇಕಾದಾಗ ಒಂದೇ ಸೂರಿನಡಿಯ ಇಬ್ಬರು ಹೆಂಗಸರಿಂದ ಕಡ ತಂದರು.

ಮಹಾಭಾರತದ ಆದಿಪರ್ವದಲ್ಲಿ ಈ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಸೇರುವ ಗಳಿಗೆಯೊಂದು ಬರುತ್ತದೆ. ಅರ್ಜುನ ಸುಭದ್ರೆಯನ್ನು ಕಟ್ಟಿಕೊಂಡು ಊರಿಗೆ ಬರುತ್ತಾನೆ. ದ್ರೌಪದಿ ಮೊದಲು ಅವನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ: ಅವಳ ಬಳಿಗೇ ಹೋಗು, ಹೊರೆಗೆ ಎರಡನೆಯ ಕಟ್ಟು ಬಿದ್ದಮೇಲೆ ಮೊದಲನೆಯದು ಸಡಿಲವಾಗುತ್ತದೆ ಎಂಬರ್ಥದ ಮಾತಾಡುತ್ತಾಳೆ. ಅರ್ಜುನ ಉಪಾಯ ಮಾಡಿ ಸುಭದ್ರೆಗೆ ಗೊಲ್ಲತಿಯ ವೇಷ ಹಾಕಿಸಿ ಕಳಿಸುತ್ತಾನೆ. ಅವಳು ಬಂದು ಕುಂತಿಗೆ ನಮಸ್ಕರಿಸಿ, ದ್ರೌಪದಿಗೂ ನಮಸ್ಕರಿಸಿ, ನಾನು ನಿನ್ನ ಸೇವಕಿ ಅನ್ನುತ್ತಾಳೆ. ದ್ರೌಪದಿ ಎದ್ದು ತಬ್ಬಿಕೊಂಡು ಹರಸುತ್ತಾಳೆ: ನಿನ್ನ ಗಂಡ ‘ನಿಃಸಪತ್ನ’ನಾಗಲಿ. ಶತ್ರುಗಳಿಲ್ಲದವನಾಗಲಿ ಎಂಬುದು ಮೇಲರ್ಥ. ಹಾಗೆ ಹರಸುವವಳು ಸ್ವತಃ ಸಪತ್ನಿ, ಹರಸಿಕೊಳ್ಳುವವಳೂ ಸಪತ್ನಿ, ಅರ್ಜುನ ಇಬ್ಬರಿಗೂ ಗಂಡ. ವ್ಯಾಸರು ಈ ಪದವನ್ನೇ ಅಲ್ಲಿ ಯಾಕೆ ಇಟ್ಟರು ಎಂದು ವ್ಯಾಖ್ಯಾನ ಬರೆಯುವ ಅಗತ್ಯ ನಮ್ಮ ಅಜ್ಜಿಯರಿಗೆ ಬೀಳಲಿಲ್ಲ. ಕೊಂಕು ಎಲ್ಲಿ ಮುಗಿದು ಅಕ್ಕರೆ ಎಲ್ಲಿ ಶುರುವಾಗುತ್ತದೆ ಎಂದು ಆ ಹರಕೆಯಲ್ಲಿ ಗೆರೆ ಎಳೆಯಲಾಗದು. ಎರಡೂ ನಿಜವೇ ಇದ್ದಿರಬೇಕು.

ನಮ್ಮ ಹೆಂಗಸರು ಹಾಡಿಕೊಂಡು ಬಂದ ಗಂಗೆ–ಗೌರಿಯರ ಹಾಡುಗಳಲ್ಲಿ ಇಷ್ಟು ನಾಜೂಕಿಲ್ಲ. ಅಲ್ಲಿ ಜಗಳ ನೇರ. ನೀನು ಬೆಸ್ತರವಳು ಎಂದು ಗೌರಿ ಹಂಗಿಸುತ್ತಾಳೆ, ಗಂಗೆ ಸುಮ್ಮನಿರುವವಳಲ್ಲ. ಕೊನೆಗೆ ಗೌರಿ ಮುಟ್ಟಾದಾಗ ಮೀಯಲು ನೀರಿಲ್ಲದೆ, ಹೊರಗೆ ಹಾಕಿದ ಗಂಗೆಯನ್ನೇ ಅಂಗಲಾಚಬೇಕಾಗುತ್ತದೆ. ಕೈಲಾಸದ ವೈಭವವನ್ನೆಲ್ಲ ಆಚೆಗಿಟ್ಟು, ಹೆಂಗಸಿಗೆ ಹೆಂಗಸು ಬೇಕಾಗುವ ಗಳಿಗೆ ಯಾವುದೆಂದು ಹಾಡು ಕಟ್ಟಿದವಳಿಗೆ ಗೊತ್ತಿತ್ತು. ಒಬ್ಬಳನ್ನು ತಲೆಯ ಮೇಲೆ, ಇನ್ನೊಬ್ಬಳನ್ನು ಮೈಯ ಅರ್ಧದಲ್ಲಿ ಇಟ್ಟುಕೊಂಡ ಶಿವನಿಗೆ ಈ ಜಗಳದಲ್ಲಿ ಹೆಚ್ಚು ಮಾತಿಲ್ಲ.

ಗಾದೆಗಳು ಇದಕ್ಕಿಂತ ಕಟು. ‘ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಬೇಕು’ ಎಂಬುದು ಹೆಂಗಸಿನ ಹೊಟ್ಟೆಕಿಚ್ಚಿಗೆ ಕೊಡುವ ಉದಾಹರಣೆ. ಎಲ್ಲರೂ ನಗುತ್ತಾರೆ. ಗಂಡನ ಸಾವಿಗಿಂತ ದೊಡ್ಡ ಸಂಕಟವನ್ನು ಆ ಮನೆಗೆ ತಂದವರು ಯಾರು ಎಂದು ಗಾದೆ ಕೇಳುವುದಿಲ್ಲ. ಇನ್ನೊಂದು: ‘ಇಟ್ಟುಕೊಂಡವಳು ಇರೋ ತನಕ, ಕಟ್ಟಿಕೊಂಡವಳು ಕೊನೇ ತನಕ.’ ಇದರ ಜೊತೆಗೆ ‘ಬಿಟ್ಟವಳು’ ಸೇರಿಸಿದರೆ ಲೆಕ್ಕ ಪೂರ್ತಿಯಾಗುತ್ತದೆ. ಕಟ್ಟು, ಇಡು, ಬಿಡು. ದನಕ್ಕೂ ಇವೇ ಮೂರು ಕ್ರಿಯಾಪದ. ಮೂರರಲ್ಲೂ ಕ್ರಿಯೆ ಮಾಡಿದವನು ಗಂಡಸು, ಹೆಸರು ಹೊತ್ತವಳು ಹೆಂಗಸು.

‘ಗಂಡ ಬಿಟ್ಟವಳು’ ಎಂಬ ಮಾತನ್ನು ತುಸು ನಿಧಾನವಾಗಿ ಹೇಳಿ ನೋಡಿ. ಗಂಡನು ಬಿಟ್ಟವಳು ಎಂದೂ ಆಗಬಹುದು, ಗಂಡನನ್ನು ಬಿಟ್ಟವಳು ಎಂದೂ ಆಗಬಹುದು. ನಮ್ಮ ಆಡುಮಾತು ವಿಭಕ್ತಿ ಪ್ರತ್ಯಯವನ್ನು ನುಂಗಿಕೊಳ್ಳುವುದರಿಂದ ವ್ಯಾಕರಣ ಎರಡಕ್ಕೂ ಒಪ್ಪಿಗೆ ಕೊಡುತ್ತದೆ. ಊರು ಮಾತ್ರ ಮೊದಲನೆಯ ಅರ್ಥವನ್ನೇ ಹಿಡಿಯುತ್ತದೆ. ಕುಡಿದು ಹೊಡೆಯುವವನ ಮನೆಯಿಂದ ಮಗುವನ್ನು ಎತ್ತಿಕೊಂಡು ತಾನಾಗಿ ನಡೆದು ಬಂದವಳೂ ‘ಪಾಪ, ಗಂಡ ಬಿಟ್ಟವಳು’ ಆಗುತ್ತಾಳೆ.

ಬಿಡುವುದು, ಮತ್ತೆ ಕೂಡುವುದು ಹೊಸದೇನಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮರಾಠಿಯಿಂದ ಬಂದ ‘ಸೋಡಚೀಟಿ’ ಎಂಬ ಪದ ಕೋರ್ಟಿಗಿಂತ ಹಳೆಯದು. ಪಂಚರ ಮುಂದೆ ಬಿಡುಗಡೆಯ ಚೀಟಿ ಬರೆದರೆ ಮುಗಿಯಿತು. ಹೊರಬಂದವಳಿಗೆ ಸೀರುಡಿಕೆಯೋ ಕೂಡಿಕೆಯೋ ಎಂಬ ಮರುಮದುವೆ ಆಗುವ ರೂಢಿ ಎಷ್ಟೋ ಸಮುದಾಯಗಳಲ್ಲಿತ್ತು. 1955ರ ಹಿಂದೂ ವಿವಾಹ ಕಾಯ್ದೆಯೂ ಅಂಥ ರೂಢಿಯ ಬಿಡುಗಡೆಗಳನ್ನು ಹಾಗೇ ಉಳಿಸಿತು. ಹಾಗಾಗಿ ಮೊದಲ ಹೆಂಡತಿ ಮತ್ತು ಈಗಿನ ಹೆಂಡತಿ ಒಂದೇ ಬಾವಿಯ ಕಟ್ಟೆಯಲ್ಲಿ ಎದುರಾಗುವುದು, ಒಂದೇ ಜಾತ್ರೆಯಲ್ಲಿ ಬಳೆ ಇಡಿಸಿಕೊಳ್ಳುವುದು ನಮ್ಮ ಊರುಗಳಿಗೆ ಗೊತ್ತಿದ್ದ ಸಂಗತಿಯೇ. ಒಬ್ಬಳು ಬಿಟ್ಟುಹೋದಮೇಲೆ ಬಂದವಳು ಲೆಕ್ಕಕ್ಕೆ ಸವತಿಯೇ ಅಲ್ಲ, ಗಂಡನನ್ನು ಹಂಚಿಕೊಂಡಿಲ್ಲವಲ್ಲ. ಆದರೂ ಬೇರೆ ಪದ ಹುಟ್ಟಲಿಲ್ಲ. ಅದೇ ಹಳೆಯ ಪದವನ್ನು ಇವರ ಮೇಲೂ ಹೊದೆಸಿದರು.

ಕಾನೂನು ನಿಜವಾಗಿ ಕೈಹಾಕಿದ್ದು ಒಂದೇ ಕಾಲಕ್ಕೆ ಇಬ್ಬರು ಎಂಬುದಕ್ಕೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಹಿಂದೂಗಳಿಗೆ 1946ರಲ್ಲೇ ದ್ವಿಪತ್ನಿತ್ವ ನಿಷೇಧದ ಕಾನೂನು ಬಂತು. ಮದರಾಸು ಪ್ರಾಂತ್ಯದಲ್ಲಿದ್ದ ಮಂಗಳೂರು, ಬಳ್ಳಾರಿಗಳಿಗೆ 1949ರಲ್ಲಿ. 1955ರಲ್ಲಿ ದೇಶದ ಬಹುತೇಕ ಹಿಂದೂಗಳಿಗೆ ಒಂದೇ ಕಾಯ್ದೆಯಾಯಿತು: ಹೆಂಡತಿ ಬದುಕಿದ್ದು, ಬಿಡುಗಡೆಯಾಗದೆ ಇನ್ನೊಬ್ಬಳಿಗೆ ತಾಳಿ ಕಟ್ಟಿದರೆ ಆ ಮದುವೆ ಮದುವೆಯೇ ಅಲ್ಲ, ಕಟ್ಟಿದವನಿಗೆ ಏಳು ವರ್ಷದವರೆಗೆ ಸೆರೆ. 1976ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಸೇರಿಕೊಂಡು ‘ಕಟ್ಟಿಕೊಂಡವಳು ಕೊನೇ ತನಕ’ ಎಂಬ ಗಾದೆಯ ಕಾಲ ಮುಗಿಯಿತು. ಹಿಂದೂಗಳ ಮಟ್ಟಿಗೆ ಸವತಿ ಎಂಬುವಳು ಕಾಗದದ ಮೇಲೆ ಇಲ್ಲವಾದಳು.

ಕಾಗದದ ಮೇಲೆ ಇಲ್ಲವಾದವಳು ಮನೆಯಲ್ಲಿ ಇದ್ದೇ ಇದ್ದಳು. ಪೆಟ್ಟು ಬಿದ್ದದ್ದು ಅವಳಿಗೇ. ಮದುವೆಯೇ ಅಲ್ಲ ಅಂದಮೇಲೆ ಎರಡನೆಯವಳಿಗೆ ಹೆಂಡತಿಯೆಂಬ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸದಿಂದ ಕಟ್ಟಿಕೊಂಡಿದ್ದರೆ ಜೀವನಾಂಶದ ಮಟ್ಟಿಗೆ ಆಕೆಯನ್ನು ಹೆಂಡತಿಯೆಂದೇ ನೋಡಬೇಕು ಎಂದು ಹೇಳಲು 2013 ಬರಬೇಕಾಯಿತು. ಮಕ್ಕಳ ಪಾಲಿನ ಪ್ರಶ್ನೆಯನ್ನು ಕೊನೆಗಾಣಿಸಿದ ಮೊಕದ್ದಮೆ ನಮ್ಮ ರಾಜ್ಯದ್ದೇ. ಮೊದಲ ಹೆಂಡತಿ ಮತ್ತವಳ ಇಬ್ಬರು ಮಕ್ಕಳು ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹೂಡಿದರು. ಎದುರಿಗೆ ಗಂಡ, ಎರಡನೆಯವಳು ಮತ್ತವಳ ಮಕ್ಕಳು. ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2011ರಲ್ಲಿ ದೊಡ್ಡ ಪೀಠಕ್ಕೆ ದಾಟಿ, 2023ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಅಸಿಂಧು ಮದುವೆಯ ಮಕ್ಕಳಿಗೂ, ಪಾಲು ಹಂಚಿದ್ದರೆ ಅಪ್ಪನಿಗೆ ಎಷ್ಟು ಬರುತ್ತಿತ್ತೋ ಅದರಲ್ಲಿ ಹಕ್ಕುಂಟು ಎಂದಾಯಿತು. ದಾವೆಯ ಕಾಗದದಲ್ಲಿ ‘ಸವತಿ’ ಎಂಬ ಕಾಲಂ ಇರುವುದಿಲ್ಲ. ವಾದಿ, ಪ್ರತಿವಾದಿ ಅಷ್ಟೆ.

ಇವತ್ತಿನ ಮಾಜಿ–ಹಾಲಿ ಹೆಂಡಿರ ಮೊದಲ ಭೇಟಿ ಎಷ್ಟೋ ಸಲ ಆಗುವುದೂ ಕಾಗದದಲ್ಲೇ. ಜೀವನಾಂಶದ ಮೊಕದ್ದಮೆಯಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿತು. ಅದರಲ್ಲಿ ಅವಲಂಬಿತರ ಪಟ್ಟಿಯೂ ಇರುತ್ತದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೊಗಸಾಲೆಯಲ್ಲಿ ಕೂತು, ಹಳೆಯ ಹೆಂಡತಿ ಆ ಪಟ್ಟಿಯಲ್ಲಿ ಹೊಸ ಹೆಂಡತಿಯ ಹೆಸರು ಓದುತ್ತಾಳೆ. ಆಕೆಯ ಮಗುವಿನ ಶಾಲಾ ಶುಲ್ಕ, ಮನೆಯ ಬಾಡಿಗೆ, ಅತ್ತೆಯ ಔಷಧಿ. ಅತ್ತ ಹೊಸಬಳಿಗೆ ತಿಂಗಳ ಮೊದಲ ವಾರ ಸಂಬಳದಿಂದ ಕಡಿತವಾಗುವ ಮೊತ್ತ ಬಾಯಿಪಾಠ. ಒಬ್ಬನೇ ಗಂಡನನ್ನು ಹಂಚಿಕೊಳ್ಳುವ ಕಾಲ ಹೋಗಿ ಒಂದೇ ಸಂಬಳವನ್ನು ಹಂಚಿಕೊಳ್ಳುವ ಕಾಲ ಬಂದಿದೆ. ‘ಅವಳಿಗೆ ಅಷ್ಟೊಂದು ಯಾಕೆ’ ಎಂಬ ಸಿಟ್ಟನ್ನು ಸವತಿ ಮತ್ಸರ ಅನ್ನುವುದು ಸುಲಭ. ಹೆಚ್ಚಿನ ಸಲ ಅದು ಮನೆ ನಡೆಸುವವಳ ಲೆಕ್ಕಾಚಾರ.

ಪರದೆಯ ಮೇಲೆ ಈ ನಂಟನ್ನು ತಕ್ಕಮಟ್ಟಿಗೆ ಗಂಭೀರವಾಗಿ ನೋಡಿದ್ದು ನಿರ್ದೇಶಕ ಬಾಲಚಂದರ್. ತಮಿಳಿನಲ್ಲಿ 1969ರಲ್ಲಿ ಮಾಡಿದ್ದ ‘ಇರು ಕೋಡುಗಳ್’ ಚಿತ್ರವನ್ನು 1984ರಲ್ಲಿ ಶ್ರೀನಾಥ್, ಸರಿತಾ, ಗೀತಾ ಅವರನ್ನು ಹಾಕಿಕೊಂಡು ‘ಎರಡು ರೇಖೆಗಳು’ ಎಂದು ಕನ್ನಡಕ್ಕೆ ತಂದರು. ದೂರವಾದ ಮೊದಲ ಹೆಂಡತಿ ಓದಿ ಕಲೆಕ್ಟರ್ ಆಗಿ, ಅವನು ಗುಮಾಸ್ತನಾಗಿರುವ ಕಚೇರಿಗೇ ಬರುತ್ತಾಳೆ, ಮನೆಯಲ್ಲಿ ಎರಡನೆಯವಳು. ಒಂದು ಗೆರೆಯನ್ನು ಮುಟ್ಟದೆ ಚಿಕ್ಕದು ಮಾಡಬೇಕಾದರೆ ಪಕ್ಕದಲ್ಲಿ ಇನ್ನೊಂದು ಉದ್ದ ಗೆರೆ ಎಳೆಯಬೇಕು ಎಂಬುದು ಕಥೆಯ ಸೂತ್ರ. ಈಚಿನ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಉಮಾಶ್ರೀಯವರ ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ದಡ ಸೇರಿಸುವ ಮೊದಲ ಹೆಂಡತಿ. ಅವಳ ಮೇಲೆ ಕತ್ತಿ ಮಸೆಯಲು ಎರಡನೆಯವಳು ಬೇಕೇ ಬೇಕು. ಇಲ್ಲದಿದ್ದರೆ ಸಂಜೆಯ ಕಂತು ಓಡುವುದಿಲ್ಲ.

ಮಕ್ಕಳ ಬಾಯಿಯಲ್ಲಿ ನಮ್ಮ ಭಾಷೆ ಹೆಚ್ಚು ಮೃದು. ಅಮ್ಮನ ತಂಗಿ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕಮ್ಮ. ಮಗು ಹೊಸದೇನನ್ನೂ ಕಲಿಯಬೇಕಿಲ್ಲ; ಪದ ಮನೆಯಲ್ಲೇ ಇತ್ತು. ಚಿಕ್ಕಮ್ಮ ಅಂದ ಕೂಡಲೇ ಆಕೆ ಅಮ್ಮನಿಗೆ ತಂಗಿಯೂ ಆಗಿಬಿಡುತ್ತಾಳೆ, ಅವರಿಬ್ಬರಿಗೆ ಇಷ್ಟವಿದ್ದರೂ ಇಲ್ಲದಿದ್ದರೂ. ‘ಮಲತಾಯಿ’ ದೊಡ್ಡವರ, ಪತ್ರಿಕೆಯವರ ಪದ. ಅನುದಾನ ಬರದಿದ್ದಾಗಲೆಲ್ಲ ‘ಕೇಂದ್ರದ ಮಲತಾಯಿ ಧೋರಣೆ’ ಎಂದು ಬರೆದೂ ಬರೆದೂ, ತಾನು ಹೆರದ ಮಗುವಿಗೆ ಎದ್ದು ಡಬ್ಬಿ ಕಟ್ಟಿಕೊಡುವ ಸಾವಿರಾರು ಹೆಂಗಸರ ಮರ್ಯಾದೆಯನ್ನು ನಾವು ಹರಾಜಿಗಿಟ್ಟಿದ್ದೇವೆ.

ಮೊದಲನೆಯವಳು ತೀರಿಕೊಂಡ ಮನೆಗಳಲ್ಲಿ ಮರ್ಯಾದೆಯ ಇನ್ನೊಂದು ಕ್ರಮವಿತ್ತು. ಪಿತೃಪಕ್ಷದ ಅವಿಧವಾ ನವಮಿಯಂದು ಮುತ್ತೈದೆಯಾಗಿ ಹೋದವಳ ನೆನಪಿಗೆ ಮುತ್ತೈದೆಯನ್ನು ಕರೆದು ಉಣಬಡಿಸಬೇಕು. ಅಡುಗೆ ಮಾಡುವವಳು ಎರಡನೆಯವಳು. ‘ಅವಳಿಗೆ ಹೋಳಿಗೆಗೆ ತೆಂಗಿನಹಾಲು ಬೇಕಿತ್ತು, ತುಪ್ಪ ಸೇರ್ತಿರಲಿಲ್ಲ’ ಎಂದು ಅತ್ತೆ ಹೇಳುತ್ತಾಳೆ. ತಾನು ಕಣ್ಣಿಂದ ನೋಡದವಳ ನಾಲಗೆಯ ರುಚಿ ತಿಳಿದುಕೊಂಡು ಸೊಸೆ ಕಾಯಿ ತುರಿಯುತ್ತಾಳೆ. ಹಳ್ಳಿಯ ಹಿರಿಯರ ಹಬ್ಬದಲ್ಲಿ ಎಡೆಯ ಮುಂದೆ ಹೊಸ ಸೀರೆ ಇಟ್ಟು, ಪೂಜೆ ಮುಗಿದಮೇಲೆ ಅದನ್ನು ಇವಳೇ ಉಡುವುದೂ ಉಂಟು. ಇಂಥ ಕಡೆ ‘ಸವತಿ’ ಎಂಬ ಪದ ಕೇಳಿಸುವುದಿಲ್ಲ, ‘ಅಕ್ಕ’ ಅನ್ನುತ್ತಾರೆ.

ಬದುಕಿರುವ ಇಬ್ಬರ ನಡುವೆ ಇದು ಕಷ್ಟ. ಈಚೆಗೆ ಒಂದು ಮದುವೆಯಲ್ಲಿ ಪೇಚು ಕಣ್ಣಾರೆ ನೋಡಿದೆ. ಹುಡುಗಿಯ ಅಪ್ಪ ಅಮ್ಮ ಬೇರೆಯಾಗಿ ವರ್ಷಗಳಾಗಿವೆ, ಅಪ್ಪನಿಗೆ ಮರುಮದುವೆಯಾಗಿದೆ. ಲಗ್ನಪತ್ರಿಕೆಯಲ್ಲಿ ‘ಶ್ರೀಮತಿ ಮತ್ತು ಶ್ರೀ’ ಎಂಬ ಸಾಲನ್ನೇ ಕೈಬಿಟ್ಟು ಹೆಸರುಗಳನ್ನಷ್ಟೇ ಅಚ್ಚು ಹಾಕಿಸಿದ್ದರು. ಪುರೋಹಿತರು ಸಂಕಲ್ಪಕ್ಕೆ ‘ಧರ್ಮಪತ್ನೀ ಸಮೇತ’ ಎನ್ನುವಾಗ ಮಣೆಯ ಮೇಲೆ ಯಾರು ಕೂರಬೇಕು? ಹೆತ್ತವಳು ಈಗ ಧರ್ಮಪತ್ನಿಯಲ್ಲ, ಧರ್ಮಪತ್ನಿ ಹೆತ್ತವಳಲ್ಲ. ಗಂಡಸರು ಮೂರು ದಿನದಿಂದ ಚರ್ಚಿಸಿ ದಾರಿ ಕಾಣದೆ, ಚಿಕ್ಕಪ್ಪ–ಚಿಕ್ಕಮ್ಮನ ಕೈಯಲ್ಲಿ ಧಾರೆ ಎರೆಸುವುದೆಂದು ಎದ್ದಿದ್ದರು. ಇಬ್ಬರು ಹೆಂಗಸರು ಅದನ್ನು ಬಿಸಿನೀರಿನ ಹಂಡೆಯ ಪಕ್ಕ ನಿಂತು ಒಂದು ನಿಮಿಷದಲ್ಲಿ ಮುಗಿಸಿದರು.

‘ಇವರೇ, ನೀವು ಕೂತ್ಕೊಳ್ಳಿ. ಮಗಳು ನಿಮ್ಮದು.’

‘ಹಂಗಂದ್ರೆ ಹೆಂಗೆ? ನಾಳೆ ನಿಮ್ಮ ಕಡೆಯವರು ಮಾತಾಡಲ್ವಾ?’

‘ಮಾತಾಡ್ಕೊಳ್ಳಲಿ ಬಿಡಿ. ಬೀಗರ ತಿಂಡಿ ನಾನು ನೋಡ್ಕೋತೀನಿ. ಪುಟ್ಟಿಗೆ ಬೆಳಿಗ್ಗೆಯಿಂದ ತಲೆನೋವು, ಅವಳಿಗೆ ಸ್ವಲ್ಪ ಕಾಫಿ ಕೊಟ್ಟು ಕೂರಿಸಿ.’

ಇದರಲ್ಲಿ ಅಕ್ಕತಂಗಿಯರ ಅಕ್ಕರೆ ಇತ್ತು ಎಂದು ಹೇಳಲಾರೆ. ದನಿಯಲ್ಲಿ ಬಿಗುವಿತ್ತು, ಕಣ್ಣು ಕಣ್ಣು ಕೂಡಲಿಲ್ಲ. ಹಳೆಯದೆಲ್ಲ ಮರೆತಿದ್ದರು ಅನ್ನುವಂತೆಯೂ ಇರಲಿಲ್ಲ. ಆದರೆ ಇಬ್ಬರೂ ‘ನೀವು’ ಅಂದರು. ‘ಸವತಿ’ ಎಂಬ ಪದಕ್ಕೆ ಈ ಬಹುವಚನ ಒಗ್ಗುವುದೇ ಇಲ್ಲ. ‘ಇವರೇ’ ಎಂಬುದು ಕನ್ನಡದ ಸಂಕಟಕಾಲದ ಸಂಬೋಧನೆ. ಹೆಸರು ಹಿಡಿಯಲಾಗದ ಗಂಡನಿಗೆ ನಮ್ಮ ಹೆಂಗಸರು ತಲೆಮಾರುಗಟ್ಟಲೆ ಬಳಸಿದ ಪದವನ್ನೇ ಅವನ ಇಬ್ಬರು ಹೆಂಡಿರು ತಮ್ಮತಮ್ಮಲ್ಲಿ ಬಳಸಿಕೊಳ್ಳುತ್ತಿದ್ದರು. ಆಮೇಲೆ ಫೋನು ಹೊಡೆದುಕೊಂಡಾಗ ಪರದೆಯ ಮೇಲೆ ಬಂದ ಹೆಸರು ‘ಪುಟ್ಟಿ ಅಮ್ಮ’. ಮಗುವಿನ ಹೆಸರಿನಿಂದ ದೊಡ್ಡವರನ್ನು ಗುರುತಿಸುವುದು ನಮ್ಮ ಹಳೆಯ ಜಾಣತನ. ಆ ಇಬ್ಬರ ನಂಟು ಈಗ ನಿಜವಾಗಿ ಯಾರ ಮೂಲಕ ಸಾಗುತ್ತಿದೆ ಎಂಬುದೂ ಅದರಲ್ಲಿತ್ತು. ಗಂಡಸಿನ ಮೂಲಕ ಶುರುವಾದದ್ದು ಮಗುವಿನ ಕೈಗೆ ದಾಟಿದೆ.

ಪತ್ರಿಕೆಗಳ ‘ಮಾಜಿ ಪತ್ನಿ’ ಅಧಿಕಾರ ಕಳೆದುಕೊಂಡ ಮಂತ್ರಿಯಂತೆ ಕೇಳಿಸುತ್ತದೆ. ಬೆಂಗಳೂರಿನ ಹುಡುಗ ಹುಡುಗಿಯರ ‘ಎಕ್ಸ್’ ಪ್ರೇಮಿಗೂ ಸಲ್ಲುತ್ತದೆ, ಹೆಂಡತಿಗೂ ಸಲ್ಲುತ್ತದೆ. ‘ವಿಚ್ಛೇದಿತೆ’ ಅರ್ಜಿ ನಮೂನೆಯಲ್ಲಿ ಮಾತ್ರ ಉಸಿರಾಡುವ ಪದ. ಈ ವಿಷಯದಲ್ಲಿ ಸರ್ಕಾರವೇ ಒಮ್ಮೆ ಚೆನ್ನಾಗಿ ಯೋಚಿಸಿತ್ತು: ಬಡತನದಲ್ಲಿರುವ ಅವಿವಾಹಿತ, ವಿಚ್ಛೇದಿತ ಮಹಿಳೆಯರಿಗೆಂದು 2013ರಲ್ಲಿ ತಂದ ಮಾಸಾಶನಕ್ಕೆ ‘ಮನಸ್ವಿನಿ’ ಎಂದು ಹೆಸರಿಟ್ಟಿತು. ಗಂಡ ಆ ಪದದಲ್ಲಿ ಎಲ್ಲಿಯೂ ಇಲ್ಲ. ಇಟ್ಟವನೂ ಇಲ್ಲ, ಬಿಟ್ಟವನೂ ಇಲ್ಲ.

ಹಾಗೆಂದು ಈ ಇಬ್ಬರಿಗಾಗಿ ಪಂಡಿತರು ಕೂತು ಹೊಸ ಪದ ಟಂಕಿಸಬೇಕಿಲ್ಲ. ಕೆಲವರು ಅಕ್ಕ ಅಂದುಕೊಳ್ಳಲಿ, ಕೆಲವರು ಪುಟ್ಟಿ ಅಮ್ಮ ಅನ್ನಲಿ, ಮುಖ ನೋಡಲು ಮನಸ್ಸಿಲ್ಲದವರು ಏನನ್ನೂ ಅನ್ನದಿರಲಿ. ಮಾತಾಡದಿರುವ ಹಕ್ಕೂ ಹಕ್ಕೇ. ನಾವು ಹೊರಗಿನವರು ಮಾಡಬೇಕಾದ ಕೆಲಸ ಬೇರೆ ಇದೆ. ಇಬ್ಬರು ಹೆಂಗಸರ ಮನಸ್ತಾಪವನ್ನು ‘ಸವತಿ ಮತ್ಸರ’ ಎಂದು ಒಂದೇ ಮಾತಿನಲ್ಲಿ ಕಟ್ಟಿ ಮೂಲೆಗೆ ಇಡುವ ಮುಂಚೆ, ಕಟ್ಟಿಕೊಂಡು ಬಿಟ್ಟವನು ಯಾರು, ಬಿಟ್ಟಮೇಲೆ ಕೊಡಬೇಕಾದದ್ದನ್ನು ಕೊಟ್ಟನೇ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವನನ್ನು ಪಡಸಾಲೆಯಿಂದ ಕೂಗಿ ಕರೆಯಲು ಕನ್ನಡದಲ್ಲಿ ಪದಗಳಿಗೇನೂ ಕೊರತೆಯಿಲ್ಲ.